ಅಜೀಜಿಯದ ಐವತ್ತೆಂಟು ಡಿಗ್ರಿ

ಆಫ್ರಿಕಾ ಖಂಡದ ಉತ್ತರ ಅಂಚಿನಲ್ಲಿ, ಮೆಡಿಟರೇನಿಯನ್ ಸಮುದ್ರಕ್ಕೆ ಮುಖಮಾಡಿಕೊಂಡು ಲಿಬಿಯ ದೇಶವಿದೆ. ಅದರ ಕಡಲ ತಡಿಯಲ್ಲಿ ಆಲಿವ್ ತೋಟಗಳೂ ಬಾರ್ಲಿಯ ಹೊಲಗಳೂ ಇವೆ. ದಕ್ಷಿಣಕ್ಕೆ ಸರಿದಂತೆಲ್ಲ ಹಸಿರು ತೆಳುವಾಗುತ್ತ ಬಂದು, ಕೊನೆಗೆ ಸಹರಾ ಮರುಭೂಮಿಯ ಮರಳು ಮತ್ತು ಕಲ್ಲುಗಳೇ ಉಳಿಯುತ್ತವೆ. ಹಗಲಿನಲ್ಲಿ ಕೆಂಡದಂತೆ ಕಾಯುವ ಈ ನೆಲ ರಾತ್ರಿಯಲ್ಲಿ ಬೇಗನೆ ತಣಿಯುತ್ತದೆ; ಚಳಿಗಾಲದ ಕೆಲವು ರಾತ್ರಿಗಳಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿಯಾಗುತ್ತದೆ. ಈಶಾನ್ಯದ ಜಬಲ್ ಅಖ್ದರ್ ಎಂಬ ಬೆಟ್ಟಸಾಲಿನ ಮೇಲೆ ಕೆಲವು ವರ್ಷ ಹಿಮವೂ ಬೀಳುವುದುಂಟು. ಇಂತಹ ವೈವಿಧ್ಯವುಳ್ಳ ನಾಡಾದರೂ ಲಿಬಿಯದ ಹೆಸರು ಬಹುಕಾಲ ಜಗತ್ತಿನ ಭೂಗೋಳ ಗ್ರಂಥಗಳಲ್ಲಿ ಒಂದು ಸಂಖ್ಯೆಯೊಡನೆ ಅಚ್ಚಾಗುತ್ತಿತ್ತು. ಆ ಸಂಖ್ಯೆ ೫೮.

ಲಿಬಿಯದ ರಾಜಧಾನಿ ಟ್ರಿಪೊಲಿಯಿಂದ ನೈಋತ್ಯಕ್ಕೆ ಸುಮಾರು ೪೦ ಕಿಲೋಮೀಟರ್ ದೂರದಲ್ಲಿ ಎಲ್ ಅಜೀಜಿಯ ಎಂಬ ಊರಿದೆ. ಅದರ ದಕ್ಷಿಣಕ್ಕೆ ನಫೂಸಾ ಬೆಟ್ಟಸಾಲು; ಅದರಾಚೆ ಮರುಭೂಮಿ. ಮರುಭೂಮಿಯಿಂದ ಬೀಸುವ ಒಣ ಬಿಸಿಗಾಳಿಗೆ ಆ ನಾಡಿನವರು ‘ಗಿಬ್ಲಿ’ ಎನ್ನುತ್ತಾರೆ. ಮೊದಲೇ ಕಾದಿರುವ ಈ ಗಾಳಿ ಬೆಟ್ಟದಿಂದ ಬಯಲಿಗಿಳಿಯುವಾಗ ಒತ್ತಡಕ್ಕೊಳಗಾಗಿ ಇನ್ನಷ್ಟು ಬಿಸಿಯಾಗುತ್ತದೆ. ಆದ್ದರಿಂದ ಅಜೀಜಿಯ ಬಿರುಬಿಸಿಲಿನ ಊರೆಂಬುದರಲ್ಲಿ ಸಂದೇಹವಿಲ್ಲ. ೧೯೨೨ರಲ್ಲಿ ಲಿಬಿಯ ಇಟಲಿಯ ಆಳ್ವಿಕೆಯಲ್ಲಿತ್ತು. ಅಜೀಜಿಯದ ಇಟಾಲಿಯನ್ ಸೈನಿಕ ನೆಲೆಯಲ್ಲಿ ಪ್ರತಿದಿನದ ಉಷ್ಣತೆಯನ್ನು ಗುರುತಿಸಿಡುವ ಏರ್ಪಾಡಿತ್ತು. ಆ ವರ್ಷದ ಸೆಪ್ಟೆಂಬರ್ ೧೩ರಂದು ಅಲ್ಲಿನ ದಿನಚರಿ ಹಾಳೆಯಲ್ಲಿ ೫೮ ಡಿಗ್ರಿ ಸೆಲ್ಸಿಯಸ್ ಎಂದು ಬರೆಯಲಾಯಿತು. ಭೂಮಿಯ ಮೇಲೆ ಅದುವರೆಗೆ ದಾಖಲಾದ ಅತ್ಯಧಿಕ ಉಷ್ಣತೆ ಇದೇ ಎಂದು ಜಗತ್ತು ಒಪ್ಪಿಕೊಂಡಿತು.

ಉಷ್ಣತೆಯ ದಾಖಲೆಯೆಂದರೆ ಬಿಸಿಲಿನಲ್ಲಿಟ್ಟ ಮಾಪಕ ತೋರಿದ ಅಂಕಿಯಲ್ಲ. ಬಿಸಿಲಿಗೊಡ್ಡಿದ ಮಾಪಕ ಸೂರ್ಯನ ಕಿರಣಗಳಿಂದ ತಾನೇ ಕಾದು, ಗಾಳಿಯ ನಿಜವಾದ ಉಷ್ಣತೆಗಿಂತ ಹೆಚ್ಚು ತೋರಿಸುತ್ತದೆ. ಆದುದರಿಂದ ಅದನ್ನು ನೆಲದಿಂದ ಸುಮಾರು ಆಳೆತ್ತರದಲ್ಲಿ, ಬಿಳಿಯ ಬಣ್ಣ ಬಳಿದ, ಗಾಳಿಯಾಡಲು ಸೀಳುಗಳುಳ್ಳ ಮರದ ಪೆಟ್ಟಿಗೆಯೊಳಗೆ ಇಡುವುದು ವಾಡಿಕೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಪೆಟ್ಟಿಗೆಯನ್ನು ರೂಪಿಸಿದವನು ಸ್ಕಾಟ್‌ಲೆಂಡಿನ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್. ಪೆಟ್ಟಿಗೆಯ ಕೆಳಗಿನ ನೆಲವೂ ಆ ಪ್ರದೇಶದ ಸಹಜವಾದ ನೆಲವೇ ಆಗಿರಬೇಕು.

ಅಜೀಜಿಯದಲ್ಲಿ ಆ ದಿನ ಬಳಕೆಯಾದದ್ದು ಸಿಕ್ಸ್‌ನ ಗರಿಷ್ಠ-ಕನಿಷ್ಠ ಉಷ್ಣಮಾಪಕದ ಜಾತಿಗೆ ಸೇರಿದ ಉಪಕರಣ. ಹದಿನೆಂಟನೆಯ ಶತಮಾನದಲ್ಲಿ ಜೇಮ್ಸ್ ಸಿಕ್ಸ್ ಎಂಬ ಆಂಗ್ಲ ವಿಜ್ಞಾನಿ ಇದನ್ನು ಕಂಡುಹಿಡಿದನು. ಕುದುರೆಲಾಳದಂತೆ ಬಾಗಿದ ಗಾಜಿನ ನಳಿಗೆಯ ತಳದಲ್ಲಿ ಪಾದರಸವೂ ಅದರ ಮೇಲೆ ಮದ್ಯಸಾರವೂ ಇರುತ್ತವೆ. ಮದ್ಯಸಾರ ಹಿಗ್ಗಿದಾಗ ಪಾದರಸ ಒಂದು ತೋಳಿನಲ್ಲಿ ಏರುತ್ತದೆ. ಕುಗ್ಗಿದಾಗ ಇನ್ನೊಂದು ತೋಳಿನಲ್ಲಿ ಏರುತ್ತದೆ. ಎರಡು ತೋಳುಗಳಲ್ಲಿಯೂ ಪಾದರಸದ ಮೇಲೆ ಒಂದೊಂದು ಸಣ್ಣ ಉಕ್ಕಿನ ಸೂಚಿ ಇರುತ್ತದೆ. ಪಾದರಸ ಸೂಚಿಯನ್ನು ಮೇಲಕ್ಕೆ ತಳ್ಳಿ, ತಾನು ಕೆಳಗಿಳಿದ ಮೇಲೂ ಅದನ್ನು ಅಲ್ಲಿಯೇ ಬಿಟ್ಟುಹೋಗುತ್ತದೆ. ಹೀಗೆ ಒಂದು ಸೂಚಿ ದಿನದ ಗರಿಷ್ಠ ಉಷ್ಣತೆಯನ್ನೂ ಮತ್ತೊಂದು ಕನಿಷ್ಠ ಉಷ್ಣತೆಯನ್ನೂ ಹಿಡಿದಿಡುತ್ತವೆ. ಓದಿಕೊಂಡ ಬಳಿಕ ವೀಕ್ಷಕನು ಅಯಸ್ಕಾಂತದಿಂದ ಸೂಚಿಗಳನ್ನು ಮತ್ತೆ ಪಾದರಸದ ಮಟ್ಟಕ್ಕೆ ಇಳಿಸಬೇಕು.

ಈ ಉಪಕರಣವನ್ನು ಓದುವಲ್ಲಿ ಒಂದು ಎಚ್ಚರ ಅಗತ್ಯ. ಪಾದರಸ ಮುಟ್ಟಿದ್ದು ಸೂಚಿಯ ಕೆಳತುದಿಯನ್ನು. ಆದುದರಿಂದ ಕೆಳತುದಿಯ ನೇರಕ್ಕಿರುವ ಅಂಕಿಯನ್ನೇ ಬರೆಯಬೇಕು. ಮೇಲುತುದಿಯನ್ನು ನೋಡಿ ಬರೆದರೆ ಸೂಚಿಯ ಉದ್ದದಷ್ಟೂ ಲೆಕ್ಕ ತಪ್ಪುತ್ತದೆ. ಅಜೀಜಿಯದಲ್ಲಿದ್ದಂತಹ ಮಾಪಕದಲ್ಲಿ ಆ ಉದ್ದ ಸುಮಾರು ೭ ಡಿಗ್ರಿಗಳಿಗೆ ಸಮನಾಗಿತ್ತು.

ಅಜೀಜಿಯದ ಅಂಕಿಯ ಬಗ್ಗೆ ಕೆಲವು ಹವಾಮಾನ ತಜ್ಞರಿಗೆ ಸಂಶಯವಿದ್ದೇ ಇತ್ತು. ಕೊನೆಗೆ ಇಪ್ಪತ್ತೊಂದನೆಯ ಶತಮಾನದಲ್ಲಿ ವಿಶ್ವ ಹವಾಮಾನ ಸಂಸ್ಥೆ ಅದರ ಪರಿಶೀಲನೆಗೆ ತಜ್ಞರ ಸಮಿತಿಯೊಂದನ್ನು ನೇಮಿಸಿತು. ಲಿಬಿಯ, ಇಟಲಿ, ಈಜಿಪ್ಟ್, ಮೊರಾಕೊ, ಫ್ರಾನ್ಸ್, ಸ್ಪೇನ್, ಬ್ರಿಟನ್, ಅಮೆರಿಕ, ಅರ್ಜೆಂಟೀನ ದೇಶಗಳ ವಿಜ್ಞಾನಿಗಳು ಅದರಲ್ಲಿದ್ದರು. ಎಲ್ಲಕ್ಕಿಂತ ಮುಖ್ಯವಾದ ಸಾಕ್ಷ್ಯ ಲಿಬಿಯದಿಂದಲೇ ಬರಬೇಕಾಗಿತ್ತು. ಆ ದೇಶದ ರಾಷ್ಟ್ರೀಯ ಹವಾಮಾನ ಕೇಂದ್ರದ ಖಾಲಿದ್ ಎಲ್ ಫದ್ಲಿ ಎಂಬ ವಿಜ್ಞಾನಿ ಹಳೆಯ ಕಡತಗಳನ್ನು ಶೋಧಿಸಿ, ೧೯೨೨ರ ಮೂಲ ಹಾಳೆಯನ್ನು ಹೊರತೆಗೆದರು. ಅದರ ಪ್ರತಿಯನ್ನು ಸಮಿತಿಯ ಮುಂದಿರಿಸಿದರು.

ಅಷ್ಟರಲ್ಲಿ ೨೦೧೧ರ ಫೆಬ್ರವರಿಯಲ್ಲಿ ಲಿಬಿಯದಲ್ಲಿ ಕ್ರಾಂತಿ ಭುಗಿಲೆದ್ದಿತು, ಅಂತರ್ಯುದ್ಧ ಆರಂಭವಾಯಿತು. ಎಲ್ ಫದ್ಲಿಯವರಿಂದ ತಿಂಗಳುಗಟ್ಟಲೆ ಸುದ್ದಿಯೇ ಬರಲಿಲ್ಲ. ಅವರಿಗೆ ಏನಾಯಿತೋ ಎಂದು ಹೊರದೇಶಗಳ ಸಹೋದ್ಯೋಗಿಗಳು ಕಳವಳಗೊಂಡರು. ಪರಿಶೀಲನೆ ಅರ್ಧಕ್ಕೆ ನಿಂತಿತು. ಕೆಲವು ತಿಂಗಳುಗಳ ಬಳಿಕ ಎಲ್ ಫದ್ಲಿ ಸುರಕ್ಷಿತವಾಗಿರುವ ಸುದ್ದಿ ತಲುಪಿತು. ನಿಂತಿದ್ದ ಕಾರ್ಯ ಮುಂದುವರಿಯಿತು.

ಆ ಒಂದು ಹಾಳೆ ಅನೇಕ ಸಂಗತಿಗಳನ್ನು ನುಡಿಯಿತು. ೧೯೨೨ರ ಸೆಪ್ಟೆಂಬರ್ ೧೧ರಿಂದ ಅದರಲ್ಲಿನ ಕೈಬರಹವೇ ಬದಲಾಗಿತ್ತು. ಹೊಸ ವೀಕ್ಷಕನೊಬ್ಬನು ಕೆಲಸಕ್ಕೆ ಬಂದಿದ್ದನೆಂದು ಇದರಿಂದ ತಿಳಿಯಿತು. ಅವನು ಗರಿಷ್ಠ ಉಷ್ಣತೆಯನ್ನು ಕನಿಷ್ಠದ ಅಂಕಣದಲ್ಲಿಯೂ ಕನಿಷ್ಠವನ್ನು ಗರಿಷ್ಠದ ಅಂಕಣದಲ್ಲಿಯೂ ಬರೆದಿದ್ದನು. ಅಂಕಣಗಳನ್ನೇ ಅದಲುಬದಲು ಮಾಡಿದವನು ಸೂಚಿಯ ತುದಿಗಳನ್ನೂ ಅದಲುಬದಲಾಗಿ ಓದಿರಬಹುದಲ್ಲವೆ? ಅಳತೆ ನಡೆದ ಸ್ಥಳದ ನೆಲವೂ ಮರುಭೂಮಿಯ ಸಹಜ ಮಣ್ಣಾಗಿರದೆ, ಡಾಂಬರನ್ನು ಹೋಲುವ ವಸ್ತುವಿನಿಂದ ಕೂಡಿತ್ತು. ಇದಲ್ಲದೆ ಅಜೀಜಿಯದ ಅಂಕಿ ನೆರೆಯ ಕೇಂದ್ರಗಳ ಅಂಕಿಗಳೊಡನೆ ಹೊಂದಲಿಲ್ಲ. ಅದೇ ಊರಿನ ಮುಂದಿನ ವರ್ಷಗಳ ಅಂಕಿಗಳೊಡನೆಯೂ ಹೊಂದಲಿಲ್ಲ. ನಿಜವಾದ ಉಷ್ಣತೆಗಿಂತ ಸುಮಾರು ೭ ಡಿಗ್ರಿ ಹೆಚ್ಚಾಗಿ ಬರೆದಿರುವ ಸಂಭವವಿದೆಯೆಂದು ಸಮಿತಿ ನಿರ್ಧರಿಸಿತು.

೨೦೧೨ರ ಸೆಪ್ಟೆಂಬರ್ ೧೩ರಂದು, ಆ ಅಂಕಿ ಬರೆದು ಸರಿಯಾಗಿ ತೊಂಬತ್ತು ವರ್ಷ ತುಂಬಿದ ದಿನ, ವಿಶ್ವ ಹವಾಮಾನ ಸಂಸ್ಥೆ ಅಜೀಜಿಯದ ದಾಖಲೆಯನ್ನು ರದ್ದುಗೊಳಿಸಿತು. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಡೆತ್ ವ್ಯಾಲಿ ಎಂಬ ಕಣಿವೆಯಲ್ಲಿ ೧೯೧೩ರ ಜುಲೈ ೧೦ರಂದು ದಾಖಲಾದ ೫೬.೭ ಡಿಗ್ರಿ ಸೆಲ್ಸಿಯಸ್ ಜಗತ್ತಿನ ಅತ್ಯಧಿಕ ಉಷ್ಣತೆಯೆಂದು ಮಾನ್ಯವಾಯಿತು.

ಒಂದೆರಡು ಡಿಗ್ರಿಗಳ ವ್ಯತ್ಯಾಸಕ್ಕಾಗಿ ಇಷ್ಟು ಶ್ರಮವೇಕೆ ಎಂಬ ಪ್ರಶ್ನೆ ಏಳಬಹುದು. ಸೇತುವೆಯ ಉಕ್ಕು ಎಷ್ಟು ಹಿಗ್ಗಬಹುದು, ವಿದ್ಯುತ್ ತಂತಿ ಎಷ್ಟು ಜೋಲಬಹುದು, ಎಷ್ಟು ಸೆಕೆಯಲ್ಲಿ ವೃದ್ಧರಿಗೂ ಹಸುಳೆಗಳಿಗೂ ಅಪಾಯ ಒದಗಬಹುದು ಎಂಬ ಲೆಕ್ಕಗಳಿಗೆಲ್ಲ ಇಂತಹ ಅಂಕಿಗಳೇ ಆಧಾರ. ಭೂಮಿ ವರ್ಷದಿಂದ ವರ್ಷಕ್ಕೆ ಕಾಯುತ್ತಿರುವ ಈ ಕಾಲದಲ್ಲಿ ಇಂದಿನ ಬಿಸಿಯನ್ನು ತೂಗುವುದು ಹಿಂದಿನ ಅಂಕಿಗಳೊಡನೆ. ಹಿಂದಿನ ಅಂಕಿ ತಪ್ಪಾಗಿ ಹೆಚ್ಚಿದ್ದರೆ ಇಂದಿನ ನಿಜವಾದ ಬಿಸಿಯೂ ಅಲ್ಪವೆಂಬಂತೆ ಕಾಣುತ್ತದೆ. ತೂಕದ ಕಲ್ಲೇ ತಪ್ಪಾಗಿದ್ದರೆ ತಕ್ಕಡಿ ಎಷ್ಟು ಚೆನ್ನಾಗಿದ್ದರೇನು?

ಆದುದರಿಂದಲೇ ಹೊಸ ದಾಖಲೆಗಳನ್ನೂ ಆತುರದಿಂದ ಒಪ್ಪುವುದಿಲ್ಲ. ಲಿಬಿಯದ ಉತ್ತರಕ್ಕೆ, ಮೆಡಿಟರೇನಿಯನ್ ಸಮುದ್ರದ ಆಚೆ ಇರುವ ಇಟಲಿಯ ಸಿಸಿಲಿ ದ್ವೀಪದಲ್ಲಿ ೨೦೨೧ರ ಆಗಸ್ಟ್ ೧೧ರಂದು ೪೮.೮ ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಗ್ರೀಸ್ ದೇಶದ ಅಥೆನ್ಸ್ ಬಳಿ ೧೯೭೭ರ ಜುಲೈ ೧೦ರಂದು ದಾಖಲಾಗಿದ್ದ ೪೮ ಡಿಗ್ರಿಯನ್ನು ಅದು ಮೀರಿಸಿತ್ತು. ಆದರೂ ಎರಡು ವರ್ಷಗಳಿಗೂ ಹೆಚ್ಚು ಕಾಲ ಪರಿಶೀಲನೆ ನಡೆದು, ೨೦೨೪ರಲ್ಲಿಯೇ ಅದು ಯೂರೋಪಿನ ದಾಖಲೆಯೆಂದು ಮಾನ್ಯವಾದದ್ದು.

ಅಜೀಜಿಯದ ವೀಕ್ಷಕ ಸುಳ್ಳು ಬರೆಯಬೇಕೆಂದು ಬರೆದವನಲ್ಲ. ಪರಿಚಯವಿಲ್ಲದ ಉಪಕರಣ ಅವನ ಕೈಗೆ ಬಂದಿತ್ತು. ಕಂಡದ್ದನ್ನು ಅವನು ಬರೆದನು. ಅವನು ಬರೆದ ಹಾಳೆಯನ್ನು ಯಾರೂ ತಿದ್ದದೆ, ಹರಿಯದೆ ಕಾಪಾಡಿದ್ದರಿಂದಲೇ ತೊಂಬತ್ತು ವರ್ಷಗಳ ಬಳಿಕ ತಪ್ಪು ಬೆಳಕಿಗೆ ಬಂದಿತು. ಆ ತಪ್ಪನ್ನು ಜಗತ್ತಿನ ಮುಂದಿರಿಸಲು ನೆರವಾದವರು ಲಿಬಿಯದವರೇ. ದೇಶಕ್ಕೆ ಹೆಸರು ತಂದಿದ್ದ ದಾಖಲೆ ಕೈಬಿಡುತ್ತದೆಂದು ತಿಳಿದೂ ಎಲ್ ಫದ್ಲಿ ಆ ಹಾಳೆಯನ್ನು ಬಚ್ಚಿಡಲಿಲ್ಲ. ಲಿಬಿಯ ಒಂದು ದಾಖಲೆಯನ್ನು ಕಳೆದುಕೊಂಡಿತು. ವಿಜ್ಞಾನ ಒಂದು ಸತ್ಯವನ್ನು ಪಡೆಯಿತು.

ಪದಗಳ ಅರ್ಥ
ತಡಿ – ದಡ, ತೀರ
ಗರಿಷ್ಠ – ಎಲ್ಲಕ್ಕಿಂತ ಹೆಚ್ಚಿನ
ಕನಿಷ್ಠ – ಎಲ್ಲಕ್ಕಿಂತ ಕಡಿಮೆಯ
ಅಯಸ್ಕಾಂತ – ಕಬ್ಬಿಣವನ್ನು ಸೆಳೆಯುವ ವಸ್ತು, ಸೂಜಿಗಲ್ಲು
ಹಸುಳೆ – ಎಳೆಯ ಮಗು

ಪ್ರಶ್ನೆಗಳು
೧. ‘ಗಿಬ್ಲಿ’ ಎಂದರೇನು? ಅದು ಬಯಲಿಗಿಳಿದಾಗ ಇನ್ನಷ್ಟು ಬಿಸಿಯಾಗುವುದೇಕೆ?
೨. ಉಷ್ಣಮಾಪಕವನ್ನು ಬಿಸಿಲಿನಲ್ಲಿ ಏಕೆ ಇಡಬಾರದು?
೩. ಸಿಕ್ಸ್‌ನ ಉಷ್ಣಮಾಪಕದ ರಚನೆಯನ್ನು ವಿವರಿಸಿ. ಅದನ್ನು ಓದುವಾಗ ವಹಿಸಬೇಕಾದ ಎಚ್ಚರವೇನು?
೪. ೧೯೨೨ರ ಹಾಳೆಯಿಂದ ಸಮಿತಿಗೆ ತಿಳಿದುಬಂದ ಸಂಗತಿಗಳಾವುವು?
೫. “ತೂಕದ ಕಲ್ಲೇ ತಪ್ಪಾಗಿದ್ದರೆ ತಕ್ಕಡಿ ಎಷ್ಟು ಚೆನ್ನಾಗಿದ್ದರೇನು?” – ಈ ಮಾತಿನ ಸ್ವಾರಸ್ಯವನ್ನು ಸಂದರ್ಭಸಹಿತ ವಿವರಿಸಿ.