ಬೇಲಿಯೂ ತಡಮೆಯೂ: ಸರ್ವರ್‌ಗಳ ಕಾವಲಿನ ಬಗೆಗೆ

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಗಣಕಯಂತ್ರದ ಬಗ್ಗೆ ಏನಾದರೂ ಬರೆಯಬೇಕೆಂದು ಸಂಪಾದಕ ಮಂಡಳಿಯ ಹಿರಿಯರು ಈ ಹಳೆ ವಿದ್ಯಾರ್ಥಿಗೆ ಸೂಚಿಸಿದಾಗ, ನನ್ನ ನಿತ್ಯದ ಉದ್ಯೋಗವನ್ನೇ ವಿವರಿಸುವುದು ಲೇಸೆಂದು ತೋರಿತು. ಪುತ್ತಿಗೆಯ ಆಸುಪಾಸಿನಲ್ಲಿ ಅಡಿಕೆ ತೋಟವಿರುವ ಮನೆಯವರಿಗೆ ಬೇಲಿಯ ಅಗತ್ಯವನ್ನು ಹೇಳಬೇಕಾಗಿಲ್ಲ. ಎಲ್ಲಿಯೂ ದಾರಿ ಬಿಡದೆ ಬೇಲಿ ಕಟ್ಟಿದರೆ ತೋಟದ ಯಜಮಾನನೇ ಹೊರಗುಳಿಯಬೇಕಾದೀತು. ಆದುದರಿಂದಲೇ ಮನುಷ್ಯನು ದಾಟಬಲ್ಲ, ದನ ದಾಟಲಾರದ ತಡಮೆಯನ್ನು ನಮ್ಮ ಹಿರಿಯರು ಇಟ್ಟರು. ಸರ್ವರ್‌ಗಳಿಗೆ ಹಾಕುವ ‘ಫೈರ್‌ವಾಲ್’ ಎಂಬುದೂ ಇಂತಹುದೇ ಒಂದು ಬೇಲಿ.

ಬೇರೆ ಗಣಕಗಳು ಕೇಳಿದ್ದನ್ನು ಒದಗಿಸುವ ಗಣಕವೇ ಸರ್ವರ್. ಅದಕ್ಕೆ 0ಯಿಂದ 65,535ರವರೆಗೆ ಸಂಖ್ಯೆ ಕೊಟ್ಟ ಬಾಗಿಲುಗಳಿವೆ. ಇವುಗಳಿಗೆ ಪೋರ್ಟ್ ಎಂದು ಹೆಸರು. ಜಾಲತಾಣವನ್ನು ನೋಡಲು ಬರುವವರಿಗೆ 80 ಮತ್ತು 443, ದೂರದಲ್ಲಿ ಕುಳಿತು ಸರ್ವರನ್ನು ನಿರ್ವಹಿಸುವವರಿಗೆ 22, ಮೈಎಸ್‌ಕ್ಯೂಎಲ್ ಎಂಬ ದತ್ತಾಂಶ ಭಂಡಾರಕ್ಕೆ 3306, ಹೀಗೆ ರೂಢಿಯಿದೆ. ಮೊದಲು ಎಲ್ಲ ಬಾಗಿಲುಗಳನ್ನೂ ಮುಚ್ಚುವುದು, ಬಳಿಕ ಅಗತ್ಯವಿರುವವನ್ನು ಅಗತ್ಯವಿರುವವರಿಗೆ ಮಾತ್ರ ತೆರೆಯುವುದು ಫೈರ್‌ವಾಲಿನ ಮೂಲ ಸೂತ್ರ. 443 ಲೋಕಕ್ಕೆಲ್ಲ ತೆರೆದಿರಬಹುದು. 3306 ಮಾತ್ರ ಪಕ್ಕದ ಒಂದು ಸರ್ವರಿಗಷ್ಟೇ ತೆರೆದಿರಬೇಕು.

ಇದೆಲ್ಲ ದೊಡ್ಡ ನಗರಗಳ ಚಿಂತೆ, ನಮಗೇಕೆ ಎಂದು ಕೇಳುವವರಿದ್ದಾರೆ. 2017ರ ಮೇ 12ರಂದು ‘ವಾನ್ನಾಕ್ರೈ’ ಎಂಬ ದುಷ್ಟ ತಂತ್ರಾಂಶ ಲೋಕವನ್ನು ವ್ಯಾಪಿಸಿತು. ಕಡತಗಳನ್ನು ಬೀಗ ಹಾಕಿದಂತೆ ಗೂಢಲಿಪಿಗೆ ತಿರುಗಿಸಿ, ಬಿಡಿಸಲು 300 ಡಾಲರ್ ಕೇಳುವುದು ಅದರ ರೀತಿ. ಮೂರೇ ದಿನಗಳಲ್ಲಿ ಅದು ನಮ್ಮ ಕೇರಳದ ವಯನಾಡಿನ ತರಿಯೋಡು ಗ್ರಾಮ ಪಂಚಾಯತು ಕಚೇರಿಯ ಗಣಕಗಳಲ್ಲಿ ಕಾಣಿಸಿಕೊಂಡಿತು. ಅದು ಯಂತ್ರದಿಂದ ಯಂತ್ರಕ್ಕೆ ಹರಡಿದ್ದು ಕಡತಗಳನ್ನು ಹಂಚಿಕೊಳ್ಳಲೆಂದು ಇರುವ 445ನೆಯ ಬಾಗಿಲಿನಿಂದ. ದೋಷವನ್ನು ಸರಿಪಡಿಸುವ ತಂತ್ರಾಂಶವನ್ನು ಮೈಕ್ರೋಸಾಫ್ಟ್ ಅದೇ ಮಾರ್ಚ್ ತಿಂಗಳಲ್ಲಿಯೇ ಹೊರತಂದಿತ್ತು. ಆದರೆ ಅದನ್ನು ಹಾಕಿಕೊಳ್ಳದ, 445ನ್ನೂ ಮುಚ್ಚದ ಗಣಕಗಳು ಊರೂರಿನಲ್ಲಿದ್ದವು. ಹುಳಕ್ಕೆ ಪಂಚಾಯತು ಚಿಕ್ಕದು, ಆಸ್ಪತ್ರೆ ದೊಡ್ಡದು ಎಂಬ ಭೇದವಿಲ್ಲ.

ಒಂದು ಸರ್ವರಿಗೆ ಬೇಲಿ ಹಾಕುವುದು ಕಷ್ಟವಲ್ಲ. ಇಪ್ಪತ್ತಕ್ಕೆ ಕೈಯಿಂದ ಹಾಕಹೊರಟರೆ ಹದಿನೇಳನೆಯದರಲ್ಲಿ ಒಂದು ಸಾಲು ಬಿಟ್ಟುಹೋಗುತ್ತದೆ. ಅದಕ್ಕಿಂತಲೂ ದೊಡ್ಡ ತೊಂದರೆ ಮರೆವಿನದು. ಯಾರೋ ಒಬ್ಬರು ಒಂದು ಸಂಜೆಯ ತುರ್ತಿಗೆಂದು ಒಂದು ಬಾಗಿಲನ್ನು ತೆರೆಯುತ್ತಾರೆ, ಕೆಲವು ತಿಂಗಳಲ್ಲಿ ಬೇರೆ ಕಡೆಗೆ ಹೋಗುತ್ತಾರೆ. ಬಾಗಿಲು ಏಕೆ ತೆರೆದಿದೆಯೆಂದು ಉಳಿದವರಿಗೆ ತಿಳಿಯದು. ಮುಚ್ಚಿದರೆ ಯಾವ ಕೆಲಸ ನಿಂತೀತೋ ಎಂಬ ಭಯದಿಂದ ಯಾರೂ ಮುಟ್ಟುವುದಿಲ್ಲ. ಇಂತಹ ಬಾಗಿಲುಗಳನ್ನು ನಾನು ಕಂಡ ಪ್ರತಿಯೊಂದು ಕಚೇರಿಯಲ್ಲಿಯೂ ನೋಡಿದ್ದೇನೆ.

ಈ ಎರಡು ತೊಂದರೆಗಳಿಗೂ ಒದಗುವ ಸಾಧನ ‘ಆನ್ಸಿಬಲ್’. ಇದನ್ನು ಮೈಕೆಲ್ ಡಿಹಾನ್ ಎಂಬವರು 2012ರಲ್ಲಿ ಹೊರತಂದರು. 2015ರಲ್ಲಿ ರೆಡ್ ಹ್ಯಾಟ್ ಸಂಸ್ಥೆ ಕೊಂಡುಕೊಂಡಿತು. (ಹೆಸರು ಬಂದುದು ಉರ್ಸುಲಾ ಲೆ ಗ್ವಿನ್ ಅವರು 1966ರ ಕಾದಂಬರಿಯೊಂದರಲ್ಲಿ ಕಲ್ಪಿಸಿದ, ನಕ್ಷತ್ರಗಳ ನಡುವೆ ತತ್‌ಕ್ಷಣ ಸಂದೇಶ ಮುಟ್ಟಿಸುವ ಯಂತ್ರದಿಂದ.) ಇದರಲ್ಲಿ ಮುಖ್ಯವಾದವು ಎರಡು ಕಡತಗಳು. ಮೊದಲನೆಯದು ‘ಇನ್ವೆಂಟರಿ’, ಅಂದರೆ ಸರ್ವರ್‌ಗಳ ಹಾಜರಿ ಪುಸ್ತಕ. ಎರಡನೆಯದು ‘ಪ್ಲೇಬುಕ್’, ಯಾವ ಗುಂಪಿನ ಸರ್ವರಿನಲ್ಲಿ ಯಾವ ಬಾಗಿಲು ಯಾರಿಗೆ ತೆರೆದಿರಬೇಕೆಂದು ಸಾಲುಸಾಲಾಗಿ ಬರೆದುದು. ಆನ್ಸಿಬಲ್ 22ನೆಯ ಬಾಗಿಲಿನಿಂದ ಒಂದೊಂದು ಸರ್ವರನ್ನೂ ಪ್ರವೇಶಿಸಿ, ಬರೆದಂತೆ ಇದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ಮಾತ್ರ ತಿದ್ದುತ್ತದೆ. ಇಂದು ಚಲಾಯಿಸಿ ನಾಳೆ ಪುನಃ ಚಲಾಯಿಸಿದರೂ ಫಲ ಒಂದೇ. ಪ್ರತಿಯೊಂದು ಸಾಲಿನ ಮೇಲೆ ಟಿಪ್ಪಣಿಗೆ ಎಡೆಯಿದೆ: ಈ ಬಾಗಿಲನ್ನು ಕೇಳಿದವರು ಯಾರು, ಯಾವ ಕೆಲಸಕ್ಕೆ, ಎಂದಿನವರೆಗೆ. ನನ್ನ ಮಟ್ಟಿಗೆ ಈ ಸಾಧನದ ನಿಜವಾದ ಲಾಭ ವೇಗವಲ್ಲ, ಈ ಟಿಪ್ಪಣಿಯೇ.

ಆದರೆ ವೇಗವು ತಪ್ಪನ್ನೂ ಹೊತ್ತೊಯ್ಯುತ್ತದೆ. ಉದ್ಯೋಗದ ಮೊದಲ ವರ್ಷ ನಾನು ಬರೆದ ಪ್ಲೇಬುಕ್ಕಿನಲ್ಲಿ ‘ಎಲ್ಲವನ್ನೂ ತಡೆ’ ಎಂಬ ಸಾಲು ಮೇಲಿತ್ತು, ‘22ನ್ನು ತೆರೆ’ ಎಂಬುದು ಕೆಳಗಿತ್ತು. ಮೊದಲ ಸಾಲು ಜಾರಿಯಾದೊಡನೆ 22 ಮುಚ್ಚಿತು. ಆನ್ಸಿಬಲ್ ಹೋಗಬೇಕಾದುದು ಆ ದಾರಿಯಿಂದಲೇ ಆದುದರಿಂದ ಎರಡನೆಯ ಸಾಲು ತಲುಪಲೇ ಇಲ್ಲ. ತಡಮೆ ಇಡುವ ಮೊದಲೇ ಬೇಲಿ ಕಟ್ಟಿ ಹೊರಗೆ ನಿಂತಂತಾಯಿತು, ಅದೂ ಏಕಕಾಲಕ್ಕೆ ಆರು ಸರ್ವರ್‌ಗಳ ಹೊರಗೆ. ಆ ರಾತ್ರಿ ಸರ್ವರ್‌ಗಳಿದ್ದ ಕಟ್ಟಡಕ್ಕೇ ಹೋಗಿ ಒಂದೊಂದರ ಮುಂದೆ ಕುಳಿತು ಬಿಡಿಸಬೇಕಾಯಿತು.

ಅಂದಿನಿಂದ ಕೆಲವು ಅಭ್ಯಾಸಗಳನ್ನು ಬಿಡದೆ ಪಾಲಿಸುತ್ತಿದ್ದೇನೆ. ತೆರೆಯುವ ಸಾಲು ಯಾವಾಗಲೂ ಮುಚ್ಚುವ ಸಾಲಿಗಿಂತ ಮೊದಲು. ನಿಜವಾಗಿ ಜಾರಿಗೊಳಿಸುವ ಮುನ್ನ ‘ಚೆಕ್’ ಎಂಬ ಆಯ್ಕೆಯಿಂದ ಏನೇನು ಬದಲಾದೀತೆಂದು ನೋಡಿಕೊಳ್ಳುವುದು. ಮೊದಲು ಒಂದೇ ಸರ್ವರಿನಲ್ಲಿ ಜಾರಿ, ಅದು ಸರಿಯೆಂದು ಕಂಡ ಬಳಿಕ ಉಳಿದವು. ಇವೆಲ್ಲಕ್ಕಿಂತ ಮಿಗಿಲಾಗಿ, ಐದು ನಿಮಿಷದ ನಂತರ ಹಳೆಯ ನಿಯಮಗಳನ್ನು ತಾನಾಗಿ ಮರಳಿ ಹಾಕಿಕೊಳ್ಳುವಂತೆ ಸರ್ವರಿಗೆ ಮುಂಚಿತವಾಗಿ ಆಜ್ಞೆ ಕೊಟ್ಟಿಡುವುದು. ಹೊಸದಾಗಿ ಪ್ರವೇಶಿಸಲು ಸಾಧ್ಯವಾದರೆ ಮಾತ್ರ ಆ ಆಜ್ಞೆಯನ್ನು ರದ್ದುಪಡಿಸುವುದು.

ನುರಿತವರೂ ಎಡವುವ ಜಾಗ ಇನ್ನೊಂದಿದೆ. ಪ್ಲೇಬುಕ್ಕಿನಿಂದ ಒಂದು ಸಾಲನ್ನು ಅಳಿಸಿದರೆ ಸರ್ವರಿನಲ್ಲಿ ಆ ಬಾಗಿಲು ಮುಚ್ಚಿಹೋಗುವುದಿಲ್ಲ. ಬರೆದುದನ್ನು ಆನ್ಸಿಬಲ್ ನೋಡುತ್ತದೆಯೇ ಹೊರತು ಬರೆಯದುದನ್ನು ಊಹಿಸುವುದಿಲ್ಲ. ‘ಈ ನಿಯಮ ಇರಕೂಡದು’ ಎಂದು ಸ್ಪಷ್ಟವಾಗಿ ಬರೆದು ಒಮ್ಮೆ ಚಲಾಯಿಸಬೇಕು. ಇಲ್ಲವಾದರೆ ಪುಸ್ತಕದಲ್ಲಿ ಬೇಲಿ, ತೋಟದಲ್ಲಿ ಕಂಡಿ. ಇದಕ್ಕಿಂತ ಭದ್ರವಾದ ಮಾರ್ಗವೆಂದರೆ ನಿಯಮಗಳ ಪೂರ್ಣ ಕಡತವನ್ನೇ ಪ್ರತಿ ಬಾರಿಯೂ ಹೊಸದಾಗಿ ಕಳುಹಿಸುವುದು. 2014ರಿಂದ ಲಿನಕ್ಸ್‌ನ ತಿರುಳಿನಲ್ಲಿರುವ ‘ಎನ್‌ಎಫ್‌ಟೇಬಲ್ಸ್’ ವ್ಯವಸ್ಥೆ ಅಂತಹ ಕಡತವನ್ನು ಇಡಿಯಾಗಿ ಸ್ವೀಕರಿಸುತ್ತದೆ. ಕಡತದ ಮೊದಲಲ್ಲಿಯೇ ಹಳೆಯದನ್ನೆಲ್ಲ ತೆಗೆಯುವ ಆಜ್ಞೆಯಿದ್ದರೆ ಹಳೆಯದು ಹೋಗಿ ಹೊಸದು ಒಂದೇ ಏಟಿಗೆ ಬರುತ್ತದೆ. ಬರವಣಿಗೆಯಲ್ಲಿ ದೋಷವಿದ್ದರೆ ಏನನ್ನೂ ಬದಲಿಸದೆ ಹಿಂದಿರುಗಿಸುತ್ತದೆ.

ಕೇರಳದ ಶಾಲೆಗಳಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ 2001ರಲ್ಲಿ ಆರಂಭವಾಗಿ 2017ರಲ್ಲಿ ‘ಕೈಟ್’ ಸಂಸ್ಥೆಯಾಯಿತು. ಅದು ಒದಗಿಸುವ, ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ ಕಲಿಯುವ ಉಬುಂಟು ಆಧಾರಿತ ಲಿನಕ್ಸ್ ಸರ್ವರ್‌ಗಳಲ್ಲಿರುವ ಲಿನಕ್ಸ್‌ನ ಒಡಹುಟ್ಟೇ. ಆನ್ಸಿಬಲ್ ಕೂಡ ಹಣ ಕೊಡದೆ ದೊರೆಯುವ ಮುಕ್ತ ತಂತ್ರಾಂಶ. ಆಸಕ್ತಿಯುಳ್ಳ ಹಿರಿಯ ವಿದ್ಯಾರ್ಥಿಗಳು ಮನೆಯಲ್ಲಿ ಮೂಲೆಗೆ ಸೇರಿದ ಎರಡು ಹಳೆಯ ಗಣಕಗಳನ್ನು ಜೋಡಿಸಿಕೊಂಡು, ಒಂದರಿಂದ ಇನ್ನೊಂದಕ್ಕೆ ಈ ಬೇಲಿ ಹಾಕುವುದನ್ನು ಅಭ್ಯಾಸ ಮಾಡಬಹುದು. ಎರಡನೆಯ ಗಣಕದ ಕೀಲಿಮಣೆಯನ್ನೂ ಪರದೆಯನ್ನೂ ಮಾತ್ರ ಕಳಚಿಡದಿರಲಿ. ಮೊದಲ ದಿನ ಅವು ಖಂಡಿತ ಬೇಕಾಗುತ್ತವೆ.