ಬೀಳ್ಕೊಡುಗೆ: ಕೊಡುವವರಾರು, ಕೊಳ್ಳುವವರಾರು?

ಈ ವರ್ಷದ ಬೀಳ್ಕೊಡುಗೆ ಸಮಾರಂಭದಲ್ಲಿ ಅಂತಿಮ ತರಗತಿಯವರ ಪರವಾಗಿ ಮಾತನಾಡುವ ಭಾಗ್ಯ ನನ್ನದಾಗಿತ್ತು. ಗಂಭೀರವಾಗಿ ನಿಂತು, “ಪೂಜ್ಯ ಗುರುಗಳೇ, ತಮ್ಮನ್ನೆಲ್ಲ ಬೀಳ್ಕೊಡುತ್ತೇನೆ” ಎಂದೆ. ಮುಂದೆ ಕುಳಿತಿದ್ದ ಕನ್ನಡ ಗುರುಗಳು, “ತಮ್ಮಾ, ಹೊಂಟವ ನೀನೋ, ನಾವೋ?” ಎಂದರು. ಸಭೆಯೆಲ್ಲ ನಕ್ಕಿತು. ಆ ತಪ್ಪಿಗೆ ಪ್ರಾಯಶ್ಚಿತ್ತವೇ ಈ ಕಿರುಲೇಖನ.

ಹಳಗನ್ನಡದಿಂದಲೂ ಇಲ್ಲಿ ಎರಡು ಕ್ರಿಯಾಪದಗಳಿವೆ: ಬೀಳ್ಕೊಡು, ಬೀಳ್ಕೊಳ್ಳು. ಹೊರಟವರಿಗೆ ಹೋಗಲು ಅಪ್ಪಣೆ ಕೊಡುವುದು ಬೀಳ್ಕೊಡುವುದು. ಆ ಅಪ್ಪಣೆಯನ್ನು ಪಡೆದು ಹೊರಡುವುದು ಬೀಳ್ಕೊಳ್ಳುವುದು. ಉಳಿಯುವವರು ಕೊಡುತ್ತಾರೆ, ಹೋಗುವವರು ಕೊಳ್ಳುತ್ತಾರೆ. ಆದುದರಿಂದ ಗುರುಗಳು ನಮ್ಮನ್ನು ಬೀಳ್ಕೊಡುವರು. ನಾವು ಗುರುಗಳನ್ನು ಬೀಳ್ಕೊಳ್ಳುವೆವು. ನಿವೃತ್ತರಾಗುವ ಗುರುಗಳ ಸಮಾರಂಭದಲ್ಲಾದರೋ ಬೀಳ್ಕೊಡುವವರು ನಾವೇ.

‘ವಿದಾಯ’ ಎಂಬ ಮಾತಿನಲ್ಲಿ ಈ ಭೇದವಿಲ್ಲ. ಹೋಗುವವನೂ ವಿದಾಯ ಹೇಳಬಹುದು, ಉಳಿಯುವವನೂ ಹೇಳಬಹುದು. ಅದಕ್ಕೂ ಅರಬ್ಬಿಯ ‘ವಿದಾ’ ಶಬ್ದಕ್ಕೂ ಸಂಬಂಧವನ್ನು ಊಹಿಸುವವರುಂಟು. ಮೃತರಿಗೆ ‘ಅಂತಿಮ ವಿದಾಯ’ ಎನ್ನುವ ರೂಢಿಯಿಂದ ಈ ಶಬ್ದಕ್ಕೆ ತುಸು ದುಃಖದ ಛಾಯೆಯೂ ಅಂಟಿಕೊಂಡಿದೆ.

ಇನ್ನು ನಮ್ಮ ಆಡುಮಾತು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲೂಕುಗಳ ಗೆಳೆಯರು ನಮ್ಮಲ್ಲಿದ್ದಾರೆ. ಊರಿಗೆ ಹೊರಟಾಗ ಒಬ್ಬರೂ ‘ಬೀಳ್ಕೊಳ್ಳುತ್ತೇನೆ’ ಎನ್ನುವುದಿಲ್ಲ, “ಬರ್ತೀನ್ರೀ” ಎನ್ನುತ್ತಾರೆ. “ಹೋಗ್ತೀನಿ” ಎಂದರೆ ಮನೆಯಲ್ಲಿ ಹಿರಿಯರು, “ಹಂಗ ಅನಬಾರದು, ಹೋಗಿ ಬರ್ತೀನಿ ಅನ್ನು” ಎಂದು ತಿದ್ದುತ್ತಾರೆ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಉಡಿ ತುಂಬುತ್ತಾರೆ; ಅಲ್ಲಿ ಬೀಳ್ಕೊಡುಗೆ ಮಾತಲ್ಲ, ಅಕ್ಕಿ-ಕೊಬ್ಬರಿ. 1948ರವರೆಗೆ ನವಾಬರ ಸಂಸ್ಥಾನವಾಗಿದ್ದ ಸವಣೂರಿನ ಗೆಳೆಯನೊಬ್ಬ “ಖುದಾ ಹಾಫಿಜ್” ಎನ್ನುತ್ತಾನೆ. ದೇವರು ಕಾಯಲಿ ಎಂದರ್ಥ. ಇಂಗ್ಲಿಷಿನ ‘ಗುಡ್ ಬೈ’ ಕೂಡ ‘ದೇವರು ನಿಮ್ಮೊಡನಿರಲಿ’ ಎಂಬ ಹರಕೆಯು ಸವೆದು ಉಳಿದ ರೂಪ.

ಹೀಗೆ ಕೆಲವರು ಅಗಲುವಾಗ ದೇವರಿಗೆ ಒಪ್ಪಿಸುತ್ತಾರೆ. ಕನ್ನಡದ ಆಡುಮಾತು ಮರಳುವ ಭರವಸೆ ಕೊಡುತ್ತದೆ. ಗ್ರಂಥದ ಮಾತು ಅಪ್ಪಣೆ ಬೇಡುತ್ತದೆ. ಅಪ್ಪಣೆ ಬೇಡುವುದೆಂದರೆ, ಇಲ್ಲಿಯವರಿಗೆ ನಮ್ಮ ಮೇಲೆ ಹಕ್ಕಿದೆಯೆಂದು ಒಪ್ಪಿಕೊಂಡಂತೆ. ಮೂರು ವರ್ಷ ನಮ್ಮನ್ನು ತಿದ್ದಿದವರಿಗೆ ಆ ಹಕ್ಕು ಇಲ್ಲದೆ ಇನ್ನಾರಿಗಿದೆ? ಅಂದು ತಪ್ಪಿ ನುಡಿದುದನ್ನು ಇಂದು ಸರಿಯಾಗಿ ನುಡಿಯುತ್ತೇನೆ: ಗುರುಗಳೇ, ಗೆಳೆಯರೇ, ತಮ್ಮನ್ನು ಬೀಳ್ಕೊಳ್ಳುತ್ತೇನೆ. ನಮ್ಮೂರಿನ ಮಾತಿನಲ್ಲಿ ಹೇಳುವುದಾದರೆ, ಬರ್ತೀನ್ರೀ.