ಅಡ್ರಿನಲ್ ಗ್ರಂಥಿಯ ಪಾಠ ಮತ್ತು ಒಂದು ಪ್ರಶ್ನೆ

ಅಭ್ಯಾಸ ಬೋಧನೆಯಲ್ಲಿ 8ನೇ ತರಗತಿಗೆ ಅಂತಃಸ್ರಾವಕ ಗ್ರಂಥಿಗಳ ಪಾಠ ನನ್ನ ಪಾಲಿಗೆ ಬಂದಿತ್ತು. ಮೂತ್ರಪಿಂಡದ ಮೇಲೆ ಟೋಪಿಯಂತೆ ಕುಳಿತ ಅಡ್ರಿನಲ್ ಗ್ರಂಥಿಯನ್ನು ಚಾರ್ಟಿನಲ್ಲಿ ತೋರಿಸಿ, ನ್ಯೂರೋಬ್ಲಾಸ್ಟೋಮಾ ಬಗ್ಗೆಯೂ ಹೇಳಿದೆ. ಪೂರ್ತಿ ಬೆಳೆಯದ ನರಕೋಶಗಳಿಂದ ಹುಟ್ಟುವ ಈ ಕ್ಯಾನ್ಸರ್ ಹೆಚ್ಚಾಗಿ ಅಡ್ರಿನಲ್ ಗ್ರಂಥಿಯಲ್ಲೇ ಶುರುವಾಗುತ್ತದೆ. ಬಹುತೇಕ 5 ವರ್ಷದೊಳಗಿನ ಮಕ್ಕಳಿಗೆ ಬರುತ್ತದೆ. ನನ್ನ ವಿದ್ಯಾರ್ಥಿಗಳ ವಯಸ್ಸಿನದಲ್ಲ, ನಿಜ. ಆದರೆ ಮನೆಯಲ್ಲಿ ತಮ್ಮ ತಂಗಿಯರನ್ನು ಎತ್ತಿ ಆಡಿಸುವವರು ಇವರೇ.

ಹೊಟ್ಟೆಯಲ್ಲಿ ಗಡ್ಡೆ, ಜ್ವರ, ಮೂಳೆ ನೋವು, ಕುಂಟುವುದು, ಬಿಳಿಚಿಕೊಳ್ಳುವುದು ಎಂದು ಕಪ್ಪುಹಲಗೆಯಲ್ಲಿ ಚೆಂದವಾಗಿ ಬರೆದೆ. ಮರುದಿನ ಪ್ರಾರ್ಥನೆಗೆ ಮೊದಲೇ ಒಬ್ಬ ಹುಡುಗಿ ಬಂದಳು. "ಮಿಸ್, ನನ್ನ ತಮ್ಮ ನಿನ್ನೆಯಿಂದ ಕುಂಟ್ತಿದ್ದಾನೆ. ಅದೇನಾ?" ರಾತ್ರಿ ನಿದ್ದೆ ಮಾಡಿದಂತಿರಲಿಲ್ಲ. 'ಏನೂ ಇಲ್ಲ' ಎನ್ನಲು ಬಾಯಿ ಬಂತು, ಆದರೆ ಅದು ನನಗೇನು ಗೊತ್ತು? ವಿಚಾರಿಸಿದೆ. ಜಗಲಿಯಿಂದ ಬಿದ್ದಿದ್ದನಂತೆ, ಜ್ವರವಿಲ್ಲ, ಊಟ ಸರಿಯಾಗಿದೆ. ಎರಡು ಮೂರು ದಿನದಲ್ಲಿ ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸಲು ಅಮ್ಮನಿಗೆ ಹೇಳು ಎಂದೆ.

ಮಾರ್ಗದರ್ಶಕ ಶಿಕ್ಷಕಿ ಅವಲೋಕನ ಪುಸ್ತಕದಲ್ಲಿ ಬರೆದರು: "ಲಕ್ಷಣ ಹೇಳಿದಿರಿ, ನೋಡುವ ಬಗೆ ಹೇಳಲಿಲ್ಲ."

'ಬಿ' ವಿಭಾಗದಲ್ಲಿ ಪಟ್ಟಿ ಬರೆಯಲಿಲ್ಲ. ಜ್ವರ ಬಂದವರು ಕೈ ಎತ್ತಿ ಎಂದೆ, ಎಲ್ಲರೂ ಎತ್ತಿದರು. ವಾರಗಟ್ಟಲೆ ಕಾರಣವಿಲ್ಲದೆ ಬಂದುಹೋಗುವ ಜ್ವರ? ಕೈಗಳು ಇಳಿದವು. ಅಲ್ಲಿಂದ ಮುಂದೆ ಹೋದೆ. ರೋಗ ಮೂಳೆಗೆ ಹರಡಿದರೆ, ನಡೆಯುತ್ತಿದ್ದ ಮಗು ಬೀಳದೆಯೇ ಕುಂಟುತ್ತದೆ, ಎತ್ತಿಕೋ ಎಂದು ಹಟ ಮಾಡುತ್ತದೆ. ಮಜ್ಜೆಗೆ ಹೋದರೆ ರಕ್ತ ಕಡಿಮೆಯಾಗಿ ಬಿಳಿಚಿಕೊಳ್ಳುತ್ತದೆ. ಕಣ್ಣಿನ ಸುತ್ತಲಿನ ಮೂಳೆಗೆ ಹೋದರೆ ಏಟು ಬೀಳದಿದ್ದರೂ ಪೆಟ್ಟಾದಂತೆ ಕಪ್ಪಾಗುತ್ತದೆ, ಕಣ್ಣು ಮುಂದಕ್ಕೆ ಬರಬಹುದು. ಒಂದೇ ಲಕ್ಷಣ ಕಂಡರೆ ಸಾಮಾನ್ಯವಾಗಿ ಬೇರೆ ಕಾರಣವೇ ಇರುತ್ತದೆ. ವಾಸಿಯಾಗದೆ ಉಳಿದರೆ, ಒಂದರ ಜೊತೆ ಇನ್ನೊಂದು ಸೇರಿದರೆ ತಡಮಾಡಬಾರದು.

"ಹೊಟ್ಟೆ ಊದಿದ್ರೆ ಜಂತು ಅಂತಾರೆ ಮಿಸ್" ಎಂದ ಒಬ್ಬ. ಇರಬಹುದು. ಆದರೆ ಸ್ನಾನ ಮಾಡಿಸುವಾಗ ಕೈಗೆ ಗಟ್ಟಿ ಗಡ್ಡೆ ಸಿಕ್ಕರೆ ನೋವಿಲ್ಲದಿದ್ದರೂ ಕೂಡಲೇ ಡಾಕ್ಟರಿಗೆ ತೋರಿಸಬೇಕು, ಜಂತಿನ ಮಾತ್ರೆ ಕೊಟ್ಟು ಕಾಯಬಾರದು ಎಂದೆ.

ಮೂತ್ರ ಪರೀಕ್ಷೆ ಏಕೆ ಎಂಬ ಪ್ರಶ್ನೆ ಪಾಠಕ್ಕೇ ಮರಳಿ ತಂದಿತು. ಈ ಗಡ್ಡೆಗಳಲ್ಲಿ ಹೆಚ್ಚಿನವು ಅಡ್ರಿನಲಿನ್ ಗುಂಪಿನ ರಾಸಾಯನಿಕಗಳನ್ನು ತಯಾರಿಸುತ್ತವೆ. ಅವು ವಿಭಜನೆಯಾಗಿ ಉಳಿದ ಅಂಶ ಮೂತ್ರದಲ್ಲಿ ಸಿಗುತ್ತದೆ. ಸ್ಕ್ಯಾನ್, ಬಯಾಪ್ಸಿಯೂ ಬೇಕು.

ನಾಲ್ಕನೇ ದಿನ ಆ ಹುಡುಗಿಯ ತಮ್ಮ ಓಡಾಡುತ್ತಿದ್ದನಂತೆ. ಪಿಟ್ಯುಟರಿ ಗ್ರಂಥಿ ಮಾತ್ರ ಉಳಿದುಹೋಯಿತು. ಸಮಯಪಾಲನೆಯ ಅಂಕವೂ ಹೋಯಿತು.